ಬೇಸಿಗೆ ಓದಿನ ಅಂಚಿನಲ್ಲಿ

ಪ್ರತಿ ಬೇಸಿಗೆ ರಜೆಯ ಮೊದಲ ದಿನ ಮೇಡಂ ಒಂದು ಬಿಳಿ ಹಾಳೆಯನ್ನು ಉದ್ದಕ್ಕೆ ಮಡಿಸಿ, ಉಗುರಿನಿಂದ ಗೆರೆ ತೀಡಿ, ಬಿಚ್ಚುತ್ತಿದ್ದರು. ಗೆರೆಯ ಎಡಕ್ಕೆ ‘ಕೆಲಸಕ್ಕೆ’ ಎಂದು ಬರೆಯುವರು, ಬಲಕ್ಕೆ ‘ಸುಖಕ್ಕೆ’ ಎಂದು. ಎಡಗಡೆ ನಾಲ್ಕು ಪುಸ್ತಕ, ಬಲಗಡೆ ಮೂರು. ಮೂವತ್ತೊಂದು ವರ್ಷಗಳಿಂದ ಇದು ಐದೂ ಆಗಿರಲಿಲ್ಲ, ಎರಡೂ ಆಗಿರಲಿಲ್ಲ. ಬೆಳಿಗ್ಗೆ ಕೆಲಸದ ಪುಸ್ತಕ. ಊಟವಾದ ಮೇಲೆ ಒಂದು ಗಂಟೆ ನಿದ್ದೆ. ಎದ್ದು ಟೀ ಕುಡಿದು ಸುಖದ ಪುಸ್ತಕ. ಕೆಲಸದ್ದರಲ್ಲಿ ಎರಡು ಅಧ್ಯಾಯ ಮುಗಿಯದೆ ಸುಖದ್ದನ್ನು ಮುಟ್ಟುವಂತಿರಲಿಲ್ಲ.

“ಸುಖಕ್ಕೂ ಟೈಮ್‌ಟೇಬಲ್ ಹಾಕಿದೀಯ. ಬೆಲ್ ಹೊಡೆಯೋಕೆ ನಾನು ಬರ್ಲಾ?” ಎಂದರು ಯಜಮಾನರು. ಅವರು ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಈಗ ವಿಂಗಡಿಸಲು ಕಾಗದವಿಲ್ಲದೆ ಮನೆಯ ಮೊಳೆ, ಗುಂಡಿ, ಸತ್ತ ಬ್ಯಾಟರಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು.

“ನೀವು ರೇಡಿಯೊ ಆರಿಸಿದ್ರೆ ಸಾಕು. ಅದೇ ಬೆಲ್ಲು,” ಎಂದರು ಮೇಡಂ.

ಮೇಡಂ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಹಿತವಾಗಿಯೂ ಇತ್ತು. ಒಬ್ಬರ ಉತ್ತರವನ್ನು ಇನ್ನೊಬ್ಬರು ಬರೆದುಕೊಟ್ಟಿದ್ದರೆ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಪ್ರಗತಿಪತ್ರದಲ್ಲಿ ಅಪ್ಪನ ಸಹಿ ಅಪ್ಪನದೋ ಮಗನದೋ ಎಂಬುದನ್ನು ಅವರು ಹಾಳೆ ಕೈಗೆ ಬಂದ ಕೂಡಲೇ ಹೇಳುತ್ತಿದ್ದರು. ಮುಖ ಮರೆಯುವರು, ಅಕ್ಷರ ಮರೆಯರು. ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ನಿಲ್ಲಿಸಿ “ಗುರುತು ಸಿಕ್ತಾ ಮೇಡಂ?” ಎಂದು ಕೇಳಿದರೆ, “ಒಂದು ಸಾಲು ಬರೆದು ತೋರಿಸು, ಹೇಳ್ತೀನಿ,” ಎನ್ನುತ್ತಿದ್ದರು. ಅದು ಅವರ ಒಂದೇ ಒಂದು ತಮಾಷೆ, ಮತ್ತು ಅದರಲ್ಲಿ ತಮಾಷೆ ಅಷ್ಟೇನೂ ಇರಲಿಲ್ಲ.

ಆ ವರ್ಷದ ಏಳು ಪುಸ್ತಕಗಳೂ ಹೊಸವು. ಶಾಲೆಯ ಲೈಬ್ರರಿಗೆ ಬಂದ ಕಟ್ಟಿನ ದಾರವನ್ನು ಕೊನೆಯ ಕೆಲಸದ ದಿನ ಅವರೇ ಕತ್ತರಿಸಿದ್ದರು, ಮೊಹರನ್ನೂ ಅವರೇ ಒತ್ತಿದ್ದರು. ಹದಿನಾಲ್ಕು ವರ್ಷಗಳಿಂದ ಆ ಶಾಲೆಗೆ ಲೈಬ್ರರಿಯನ್ ಇರಲಿಲ್ಲ. ಕೀಲಿ ಮೇಡಂ ಅವರ ಬಳಿಯೇ ಇರುತ್ತಿತ್ತು. ಕೆಲವು ಪುಸ್ತಕಗಳ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರೂ ತೆರೆದಿರಲಿಲ್ಲ. ಮೊಹರು ಒತ್ತುವಾಗ ಅವನ್ನು ಬಿಡಿಸಿದ್ದೂ ಅವರೇ. ಬಟ್ಟೆ ಚೀಲದಲ್ಲಿ ತಂದು, ಮುಂದಿನ ಕೋಣೆಯ ಮೇಜಿನ ಮೇಲೆ, ಕೆಲಸದ್ದು ಒಂದು ಕಡೆ ಸುಖದ್ದು ಒಂದು ಕಡೆ ಪೇರಿಸಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಕೆಲಸದ ಮೊದಲ ಪುಸ್ತಕದ ನಲವತ್ತೊಂದನೆಯ ಪುಟ ತಿರುವಿದರು. ಅದು ಹೊಸ ಪಠ್ಯಕ್ರಮಕ್ಕೆ ಬೇಕಾದ, ಅಳತೆ ಮತ್ತು ತೂಕಗಳ ಚರಿತ್ರೆ. ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಪದಗಳಿದ್ದವು.

‘ಇದು ಹೀಗಲ್ಲ.’

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪದಗಳು ಹೋಗಲಿಲ್ಲ. ಸಾಲು ಇಳಿಜಾರಿನಲ್ಲಿ ನಡೆಯುವವರಂತೆ ಬಲಕ್ಕೆ ಹೋಗುತ್ತ ಕೆಳಗೆ ಜಾರಿತ್ತು. ಅಕ್ಷರದ ಕೆಳಗಿನ ಬಾಲ ಗಾಳದ ಕೊಕ್ಕೆಯ ಹಾಗೆ ಹಿಂದಕ್ಕೆ ತಿರುಗಿತ್ತು. ಕೊನೆಗೆ ಚುಕ್ಕಿಯ ಬದಲು ಸಾಸಿವೆಯಷ್ಟು ಚಿಕ್ಕ ಸೊನ್ನೆ. ಪುಟ ತಿರುವಿ ಹಿಂಬದಿಗೆ ಬೆರಳಾಡಿಸಿದರು. ಪೆನ್ಸಿಲ್ ಒತ್ತಿದ ಗೆರೆ ಉಬ್ಬಿಕೊಂಡಿತ್ತು.

ಆ ಅಕ್ಷರ ಯಾರದೆಂದು ಅವರಿಗೆ ಗೊತ್ತಿತ್ತು. ಅದನ್ನು ಬರೆದಿದ್ದ ಮನುಷ್ಯ ಸತ್ತು ಹನ್ನೊಂದು ವರ್ಷಗಳಾಗಿದ್ದವು.

ಮಕ್ಕಳು ಆತನನ್ನು ಲೈಬ್ರರಿ ಅಣ್ಣ ಎಂದು ಕರೆಯುತ್ತಿದ್ದರು. ಕೊನೆಯ ಲೈಬ್ರರಿಯನ್ ಆತನೇ. ಹದಿನಾಲ್ಕು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ಎರಡು ದಿನ ಮೊದಲು, ಲೈಬ್ರರಿಯ ಒಂದು ಪುಸ್ತಕದೊಳಗೆ ಒಂದು ಹಾಳೆ ಸಿಕ್ಕಿತು. ಚರಿತ್ರೆಯ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನು ಅದರಲ್ಲಿ ಪೆನ್ಸಿಲಿನಲ್ಲಿ ನಕಲು ಮಾಡಲಾಗಿತ್ತು. ಆ ಪ್ರಶ್ನೆಪತ್ರಿಕೆ ತಯಾರಿಸಿದ್ದು ಮೇಡಂ. ವಿಚಾರಣೆಗೆ ಮೂವರು ಕೂತರು. ಹಾಳೆಯನ್ನು ತಮ್ಮ ಮುಂದೆ ಹಿಡಿದಾಗ ಮೇಡಂ ಒಂದು ಕ್ಷಣವೂ ತಡೆಯಲಿಲ್ಲ. “ಕಣ್ಣು ಕಟ್ಟಿ ಬೆರಳಾಡಿಸಿದರೂ ಹೇಳುತ್ತೇನೆ. ಇದು ಲೈಬ್ರರಿಯವರ ಅಕ್ಷರ,” ಎಂದರು. ಅವರು ಹೇಳಿದರೆ ಮುಗಿಯಿತು. ಎರಡನೆಯ ಅಭಿಪ್ರಾಯ ಯಾರೂ ಕೇಳಲಿಲ್ಲ.

ಲೈಬ್ರರಿ ಅಣ್ಣ ಹಾಳೆಯನ್ನು ಬಹಳ ಹೊತ್ತು ನೋಡಿದ್ದ. “ಅಕ್ಷರ ನನ್ನದೇ. ಬರೆದಿದ್ದು ನಾನಲ್ಲ,” ಎಂದಿದ್ದ. ಮೂವರಲ್ಲಿ ಒಬ್ಬರಿಗೆ ನಗು ಬಂದಿತ್ತು. ವಾರದೊಳಗೆ ಆತನ ಕೆಲಸ ಹೋಯಿತು. ಮೂರು ವರ್ಷ ಔಷಧಿ ಅಂಗಡಿಯೊಂದರಲ್ಲಿ ಚೀಟಿ ಅಂಟಿಸಿಕೊಂಡಿದ್ದು, ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡ.

ಮೇಡಂ ಪುಸ್ತಕ ಮುಚ್ಚಿದರು. ಯಜಮಾನರಿಗೆ ಏನೂ ಹೇಳಲಿಲ್ಲ. ರಬ್ಬರ್ ತಂದು ಆ ಎರಡು ಪದಗಳನ್ನು ಉಜ್ಜಲು ಹೊರಟವರು, ಏನೋ ತಡೆದಂತಾಗಿ, ಕೈ ಹಿಂದಕ್ಕೆಳೆದುಕೊಂಡರು.

ಮಾರನೆಯ ದಿನ ಅದೇ ಪುಸ್ತಕದ ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಸಾಲಿತ್ತು: ‘ಒಮ್ಮೆ ಕೊಟ್ಟ ಅಂಕವನ್ನು ಪರೀಕ್ಷಕರು ತಿರುಗಿ ನೋಡುವುದಿಲ್ಲ.’ ಹಿಂದಿನ ದಿನ ಬೆಳಿಗ್ಗೆ ಮೇಡಂ ಆ ಅಧ್ಯಾಯವನ್ನು ಒಮ್ಮೆ ಬೆರಳಲ್ಲಿ ಸರಿಸಿ ನೋಡಿದ್ದರು. ಆಗ ಅದು ಇರಲಿಲ್ಲ. ಇರಲಿಲ್ಲವೆಂದು ಆಣೆಯಿಟ್ಟು ಹೇಳಬಲ್ಲರು. ಆದರೆ ತಮ್ಮ ಆಣೆಯ ಬೆಲೆಯ ಬಗ್ಗೆಯೇ ಅವರಿಗೆ ಮೊದಲ ಬಾರಿ ಒಂದು ಅಳುಕು ಹುಟ್ಟಿತು.

ಬಿಸಿಲು ಆ ವರ್ಷ ವಿಪರೀತವಾಗಿತ್ತು. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಯಜಮಾನರು ಊಟ ಮುಗಿಸಿ ಹಳೆಯ ಸಹೋದ್ಯೋಗಿಗಳ ಜೊತೆ ಇಸ್ಪೀಟಿಗೆ ಹೋದರೆ ಬರುವುದು ಸಂಜೆಗೆ. ಮಗಳು ಎರಡು ಬೀದಿಯಾಚೆ ಗಂಡನ ಮನೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿ ಮುಗಿಸಿ, ತನ್ನ ಕೀಲಿಯಿಂದಲೇ ಬಾಗಿಲು ತೆಗೆದು ಬಂದು, ಅಮ್ಮ ಏಳುವವರೆಗೆ ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಮಲಗುವುದು ಅವಳ ರೂಢಿ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಇಪ್ಪತ್ತೊಂಬತ್ತಾದರೂ ಆ ಹೆಸರು ಹೋಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳು ಪುಸ್ತಕ ಮುಟ್ಟಿದ್ದನ್ನು ಮೇಡಂ ಕಂಡಿರಲಿಲ್ಲ. ಅದು ಅವರಿಗೊಂದು ಕೊರಗು.

ಆ ದಿನಗಳಲ್ಲಿ ಮೇಡಂ ಅವರಿಗೆ ನಿದ್ದೆಯ ನಡುವೆ ಒಂದು ಸದ್ದು ಕೇಳಿಸತೊಡಗಿತು. ಕರಕರ ಎಂದು, ನಿಂತು, ಮತ್ತೆ ಕರಕರ ಎಂದು. ಇಲಿ ಎಂದುಕೊಂಡರು. ಫ್ಯಾನಿನ ರೆಕ್ಕೆ ಎಂದುಕೊಂಡರು. ನಿದ್ದೆಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು: ಇಲಿ ಹಾಗೆ ಸಾಲು ಮುಗಿದ ಕಡೆ ನಿಲ್ಲುವುದಿಲ್ಲ.

ಏಳನೆಯ ದಿನ ಸುಖದ ಕಾದಂಬರಿಯಲ್ಲಿ ಒಂದು ಸಾಲು ಕಾಣಿಸಿತು. ಹಿಂದಿನ ದಿನ ಓದುತ್ತಲೇ ತೂಕಡಿಸಿ ಗುರುತಿನ ಚೀಟಿ ಇಟ್ಟಿದ್ದ ಪುಟದಲ್ಲೇ: ‘ನಿನ್ನೆ ಇಲ್ಲಿ ಕಣ್ಣು ಮುಚ್ಚಿತಲ್ಲ.’

ಮೇಡಂ ಆ ಸಂಜೆ ಏಳೂ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡರು.

“ಪುಸ್ತಕಕ್ಕೆ ಯಾವ ಕಳ್ಳ ಬರ್ತಾನೆ? ಅದರಲ್ಲೂ ನಿನ್ನ ಪುಸ್ತಕಕ್ಕೆ,” ಎಂದರು ಯಜಮಾನರು.

“ಧೂಳು,” ಎಂದರು ಮೇಡಂ.

“ಧೂಳಿಗೆ ಕೀಲಿ ಹಾಕಿದ ಮೊದಲ ಹೆಂಗಸು ನೀನೇ.”

ಎರಡು ದಿನ ಏನೂ ಇರಲಿಲ್ಲ. ಮೂರನೆಯ ದಿನ, ಪುರಾತನ ನ್ಯಾಯಾಲಯಗಳ ಬಗೆಗಿನ ದಪ್ಪ ಪುಸ್ತಕವನ್ನು ಬೀರುವಿನಿಂದ ತೆಗೆದಾಗ, ಅದು ತಾನಾಗಿಯೇ ಒಂದು ಪುಟಕ್ಕೆ ತೆರೆದುಕೊಂಡಿತು. ‘ಬೀಗದ ಸದ್ದಿಗೆ ಎಚ್ಚರವಾಗಲಿಲ್ಲ.’ ಅದರ ಕೆಳಗೆ, ಸ್ವಲ್ಪ ಜಾಗ ಬಿಟ್ಟು: ‘ಸಾಕ್ಷಿ ಸುಳ್ಳು ಹೇಳಲಿಲ್ಲ. ತಪ್ಪು ಹೇಳಿದಳು.’

ಮೇಡಂ ದೆವ್ವ ಭೂತಗಳನ್ನು ನಂಬಿದವರಲ್ಲ. ತರಗತಿಯಲ್ಲಿ ಯಾರಾದರೂ ಅಂಥ ಮಾತೆತ್ತಿದರೆ “ಆಧಾರ?” ಎಂದು ಕೇಳಿ ಕೂರಿಸುತ್ತಿದ್ದರು. ಈಗ ಆಧಾರ ಕೈಯಲ್ಲಿತ್ತು, ಪೆನ್ಸಿಲಿನಲ್ಲಿ. ಅವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಅನುಮಾನದ ಅಕ್ಷರವನ್ನು ಪರೀಕ್ಷಿಸಲು ಅವರದೇ ಒಂದು ಕ್ರಮವಿತ್ತು: ಬರೀ ನೋಡಿದರೆ ಸಾಲದು, ಅದರ ಮೇಲೆ ತೆಳು ಕಾಗದ ಹಾಕಿ, ಆ ಕೈ ನಡೆದ ದಾರಿಯಲ್ಲೇ ತಮ್ಮ ಕೈಯನ್ನೂ ನಡೆಸಬೇಕು. ಎಲ್ಲಿ ಎತ್ತಿದ, ಎಲ್ಲಿ ಒತ್ತಿದ, ಎಲ್ಲಿ ಉಸಿರು ತೆಗೆದುಕೊಂಡ ಎಂಬುದು ಆಗ ತಿಳಿಯುತ್ತದೆ. ಅಂಚಿನ ಎಲ್ಲ ಸಾಲುಗಳನ್ನೂ ಹಾಗೆ ತಿದ್ದಿದರು. ಮೊದಲು ಕಾಗದ ಹಾಕಿ, ಆಮೇಲೆ ಕಾಗದವಿಲ್ಲದೆ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ವಿಚಾರಣೆಯ ಹಾಳೆಯ ಜೆರಾಕ್ಸ್ ಅವರ ಕಡತದಲ್ಲಿ ಇನ್ನೂ ಇತ್ತು. ಅದನ್ನೂ ತಿದ್ದಿದರು. ಎರಡೂ ಒಂದೇ ಕೈ. ಸಂಶಯಕ್ಕೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ.

ಒಂದೇ ಕೈ ಎಂದಾದರೆ ಉಳಿಯುವುದು ಎರಡೇ ದಾರಿ. ಸತ್ತವನು ಬರೆಯುತ್ತಿದ್ದಾನೆ. ಇಲ್ಲವೇ, ಆ ಹಾಳೆಯನ್ನೂ ಆತ ಬರೆದಿರಲಿಲ್ಲ. ಮೊದಲನೆಯದು ನಿಜವಾಗಿರಲಿ ಎಂದು ತಾವು ಹಂಬಲಿಸುತ್ತಿರುವುದು ಮೇಡಂ ಅವರಿಗೆ ಒಂದು ಮಧ್ಯಾಹ್ನ ಹೊಳೆಯಿತು.

ಅದಾದ ಎರಡನೆಯ ದಿನ ಕೊನೆಯ ಸಾಲು ಬಂತು. ‘ಹಾಳೆ ಎಲ್ಲಿತ್ತು ಎಂದು ಎಲ್ಲರೂ ಕೇಳಿದರು. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.’

ಅವರು ತಲೆಯೆತ್ತಿ ಮುಂದಿನ ಕೋಣೆಯ ಮೇಜನ್ನು ನೋಡಿದರು. ಹದಿನಾಲ್ಕು ವರ್ಷಗಳ ಹಿಂದೆ ಆ ಪ್ರಶ್ನೆಪತ್ರಿಕೆ ನಾಲ್ಕು ದಿನ ಅಲ್ಲೇ ಇತ್ತು. ಮನೆಗೆ ತರಬಾರದೆಂಬುದು ನಿಯಮ. ತಾವು ತಂದರೆ ತೊಂದರೆಯಿಲ್ಲವೆಂಬುದು ಅವರದೇ ನಿಯಮ. ವಿಚಾರಣೆಯಲ್ಲಿ ಅದನ್ನು ಅವರು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಕೆಲಸದ ಪುಸ್ತಕ ತೆರೆಯದೆ, ಮೇಡಂ ಐಸ್ ಕಾರ್ಖಾನೆಯ ಹಿಂದಿನ ಓಣಿಗೆ ಹೋದರು. ಲೈಬ್ರರಿ ಅಣ್ಣನ ಹೆಂಡತಿ ಅಲ್ಲಿ ಒಂದೇ ಕೋಣೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಕಪ್ಪು ಕನ್ನಡಕ ಹಾಕಿದ್ದರು. ಬಾಗಿಲಲ್ಲಿ ನಿಂತವರನ್ನು ನೋಡಿ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು.

“ಟೀಚರಮ್ಮ. ಬನ್ನಿ. ಆ ಕುರ್ಚಿ ಬೇಡ, ಅದರ ಕಾಲು ನಂಬೋ ಹಾಗಿಲ್ಲ. ಈ ಸ್ಟೂಲ್ ಮೇಲೆ ಕೂತ್ಕೊಳಿ.”

ಮೇಡಂ ಕೂತರು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು. “ನಿಮ್ಮ ಯಜಮಾನರ ಕೈಬರಹ ಏನಾದ್ರೂ ಇದೆಯಾ ಮನೇಲಿ?” ಎಂದರು.

“ಅವರದ್ದಾ, ಮಕ್ಕಳದ್ದಾ?”

“ಯಾವ ಮಕ್ಕಳದ್ದು?”

“ಕಾಪಿ ಬರೆಯೋಕೆ ಬರ್ತಿದ್ರಲ್ಲ, ಬೇಸಿಗೆ ರಜೇಲಿ.” ಆಕೆ ಕತ್ತರಿಯನ್ನು ಕೆಳಗಿಟ್ಟರು. “ನಿಮಗೆ ಗೊತ್ತಿಲ್ವಾ? ಮಧ್ಯಾಹ್ನ ಲೈಬ್ರರೀಲಿ ಕೂರಿಸ್ಕೊಂಡು ಅಕ್ಷರ ತಿದ್ದಿಸೋರು. ತನ್ನ ಅಕ್ಷರಾನೇ ಮೇಲ್ಪಂಕ್ತಿ ಹಾಕಿ ಕೊಡೋರು. ನಾನು ಬೈತಿದ್ದೆ, ನಿಮ್ಮ ಸೊಟ್ಟ ಅಕ್ಷರ ಊರಿಗೆಲ್ಲ ಹಂಚ್ತೀರಲ್ಲ ಅಂತ. ಸೊಟ್ಟಗಿದ್ರೇನು, ಓದೋಕೆ ಬರುತ್ತಲ್ಲ ಅನ್ನೋರು.”

ಮಂಚದ ಕೆಳಗಿಂದ ಒಂದು ತಗಡಿನ ಪೆಟ್ಟಿಗೆ ಎಳೆದರು. ಒಳಗೆ ಕಾಪಿ ಪುಸ್ತಕಗಳು, ಅಂಚು ಕಂದಿದ್ದವು. ಮೇಡಂ ಮೊದಲನೆಯದನ್ನು ತೆಗೆದರು. ಇಳಿಜಾರಿನ ಸಾಲು, ಕೊಕ್ಕೆಯ ಬಾಲ, ಕೊನೆಗೆ ಚಿಕ್ಕ ಸೊನ್ನೆ. ಎರಡನೆಯದನ್ನು ತೆಗೆದರು. ಅದೇ. ಮೂರನೆಯದು, ಆರನೆಯದು, ಹದಿನೈದನೆಯದು. ಮೊದಲ ಪುಟಗಳಲ್ಲಿ ಒಂದೊಂದು ಮಗುವಿನದು ಒಂದೊಂದು ಅಕ್ಷರ. ಕೊನೆಯ ಪುಟಗಳಲ್ಲಿ ಒಂದೇ ಅಕ್ಷರ. ಬೇರೆ ಬೇರೆ ಬಾಯಿಗಳು ತೆರೆದು ಒಂದೇ ದನಿಯಲ್ಲಿ ಮಾತಾಡಿದ ಹಾಗಿತ್ತು. ಭೂತಗನ್ನಡಿಯ ಕಣ್ಣಿಗೂ ಯಾವುದು ಯಾರದೆಂದು ಹೇಳಲು ಆಗಲಿಲ್ಲ.

“ವಿಚಾರಣೇಲಿ ಇದನ್ನ ತೋರಿಸಬಹುದಿತ್ತಲ್ಲ,” ಎಂದರು ಮೇಡಂ.

“ನಾನೂ ಅಂದೆ. ತೋರಿಸಿದ್ರೆ ಒಬ್ಬರನ್ನ ಹಿಡಿಯೋಕೆ ಇಪ್ಪತ್ತಾರು ಮಕ್ಕಳನ್ನ ಸಾಲಾಗಿ ನಿಲ್ಲಿಸ್ತಾರೆ, ಬೇಡ ಅಂದ್ರು. ಯಾರು ಅಂತ ಗೊತ್ತಾಗಿತ್ತು ಅವರಿಗೆ. ಹೆಸರು ನನ್ನ ಹತ್ರಾನೂ ಹೇಳ್ಲಿಲ್ಲ.” ಆಕೆ ಸೂಜಿಗೆ ದಾರ ಪೋಣಿಸಲು ನೋಡಿ, ಆಗದೆ, ಮೇಡಂ ಕಡೆ ಚಾಚಿದರು. “ಸ್ವಲ್ಪ ಪೋಣಿಸಿ ಕೊಡಿ. ಈ ಕಣ್ಣು ಇನ್ನೂ ಕೂತಿಲ್ಲ. ಆಸ್ಪತ್ರೇಲಿ ನಿಮ್ಮ ಮಗಳೇ ಡ್ರಾಪ್ಸ್ ಹಾಕ್ತಿದ್ಲು. ಗುರುತು ಹಿಡಿದೆ ನಾನು. ಕೈ ನಡುಗ್ತಿತ್ತು ಪಾಪ. ಹೊಸ ಕೆಲಸ ಇರ್ಬೇಕು ಅಂದ್ಕೊಂಡೆ.”

ಗುಬ್ಬಿ ಆ ಕೆಲಸಕ್ಕೆ ಸೇರಿ ಆರು ವರ್ಷಗಳಾಗಿದ್ದವು.

ಮೇಡಂ ಎರಡನೆಯ ಪ್ರಯತ್ನಕ್ಕೆ ದಾರ ಪೋಣಿಸಿದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ತಳದಿಂದ ಮೂರನೆಯದರ ರಟ್ಟಿನ ಮೇಲೆ ಲೈಬ್ರರಿ ಅಣ್ಣನ ಕೈಯಲ್ಲಿ ಬರೆದಿತ್ತು: ‘ಗುಬ್ಬಿ. ಎಂಟನೆಯ ತರಗತಿ.’ ಒಳಗಿನ ಮೊದಲ ಪುಟದಲ್ಲಿದ್ದುದು ಮೇಡಂ ಅವರೇ ಮನೆಯಲ್ಲಿ ಸ್ಕೇಲು ಹಿಡಿದು ತಿದ್ದಿಸಿದ ನೆಟ್ಟನೆಯ ಅಕ್ಷರ. ಕೊನೆಯ ಪುಟದಲ್ಲಿ ಅದರ ಗುರುತೇ ಇರಲಿಲ್ಲ.

ಆ ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿ, ಗೋಡೆಯ ಕಡೆ ತಿರುಗಿ ಮಲಗಿದರು. ಬೀಗ ತೆರೆದ ಸದ್ದು, ಚಪ್ಪಲಿ ಬಿಟ್ಟ ಸದ್ದು. ಚಮಚಗಳ ಡಬ್ಬಿಯನ್ನು ಮೆಲ್ಲಗೆ ಸರಿಸಿದ ಸದ್ದು. ಬೀರುವಿನ ಇನ್ನೊಂದು ಕೀಲಿಯನ್ನು ಆ ಡಬ್ಬಿಯಲ್ಲಿ ಹಾಕಿದ್ದವರು ಯಜಮಾನರು, ವಿಂಗಡಿಸುವ ಭರದಲ್ಲಿ. ಬಳಿಕ ಮೌನ. ಬಳಿಕ ಕರಕರ.

ಮೇಡಂ ಬರಿಗಾಲಲ್ಲಿ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಪರದೆ ಎಳೆದ ಕೋಣೆಯಲ್ಲಿ, ಮೇಜಿನ ಮುಂದೆ, ಅವರಿಗೆ ಬೆನ್ನು ಮಾಡಿ ಯಾರೋ ಕೂತಿದ್ದರು. ಬಿಳಿ ಬಟ್ಟೆ. ಗದ್ದ ಪುಸ್ತಕಕ್ಕೆ ತಾಗುವಷ್ಟು ಬಾಗಿದ ಕುತ್ತಿಗೆ, ಪುಟದ ಮೂಲೆಯನ್ನು ಒತ್ತಿ ಹಿಡಿದ ಎಡಗೈ ಹೆಬ್ಬೆರಳು, ಸಾಲು ಮುಗಿದಾಗ ಒಂದಿಷ್ಟು ಮೇಲಕ್ಕೆತ್ತುವ ಭುಜ. ಹದಿನೈದು ವರ್ಷ ಲೈಬ್ರರಿಯ ಕಿಟಕಿಯಲ್ಲಿ ಮೇಡಂ ಕಂಡಿದ್ದ ಬೆನ್ನು ಅದು. ಒಂದು ಕ್ಷಣ, ಎಣಿಸಿದರೆ ಮೂರು ಉಸಿರಿನಷ್ಟು, ಅಲ್ಲಿದ್ದುದು ಆತನೇ.

ಆಮೇಲೆ ಗುಬ್ಬಿ ತಿರುಗಿದಳು. ಪೆನ್ಸಿಲ್ ಕೈಯಲ್ಲೇ ಇತ್ತು.

“ಎದ್ಯಾ,” ಎಂದಳು.

“ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?”

“ನಿಂಗಾ? ಬಾಯಲ್ಲಾ?” ಗುಬ್ಬಿ ಪುಸ್ತಕ ಮುಚ್ಚಿದಳು. “ಹೇಳಿದ್ರೆ ನೀನು ಆಧಾರ ಕೇಳ್ತಿದ್ದೆ ಅಮ್ಮ. ಓದಿದ್ದನ್ನ ಮಾತ್ರ ನಂಬೋಳು ನೀನು. ಅದಕ್ಕೇ ನೀನು ಓದೋ ಕಡೆ ಬರೆದೆ.”

ಮೇಡಂ ಎದುರಿನ ಕುರ್ಚಿಯಲ್ಲಿ ಕೂತರು. “ಆ ಹಾಳೆ,” ಎಂದರು.

“ನಾನೇ. ಪಕ್ಕದಲ್ಲಿ ಕೂರ್ತಿದ್ದ ಹುಡುಗಿಗೋಸ್ಕರ. ಫೇಲಾದ್ರೆ ಶಾಲೆ ಬಿಡಿಸ್ತೀವಿ ಅಂದಿದ್ರು ಅವರ ಮನೇಲಿ. ನಿನ್ನ ಮೇಜಿನ ಮೇಲಿಂದ ನಕಲು ಮಾಡಿ ಲೈಬ್ರರಿ ಪುಸ್ತಕದೊಳಗೆ ಇಟ್ಟೆ, ಅವಳು ತಗೊಳ್ಲಿ ಅಂತ. ಬೇರೆಯವರ ಕೈಗೆ ಸಿಕ್ತು.”

“ಅವರ ಅಕ್ಷರದಲ್ಲಿ ಯಾಕೆ ಬರೆದೆ?”

“ನನ್ನ ಅಕ್ಷರದಲ್ಲಿ ಬರೆದ್ರೆ ನೀನು ಹಿಡೀತಿದ್ದೆ. ಅಣ್ಣನ ಅಕ್ಷರ ನಂಗೆ ಬರುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿಲ್ದೇ ಇದ್ದಿದ್ದು ನನ್ನ ಹತ್ರ ಅದೊಂದೇ ಇತ್ತು.” ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅದು ಉರುಳಿತು. ಇಬ್ಬರೂ ಹಿಡಿಯಲಿಲ್ಲ. “ಅವರ ಕೆಲಸ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ. ಹೋಯ್ತು ಅಂತ ಗೊತ್ತಾದ ಮೇಲೆ ಹೇಳ್ಲಿಲ್ಲ. ಆಮೇಲೆ ಹೇಳೋಕೆ ಆಗ್ಲಿಲ್ಲ. ಆ ಆಂಟಿ ಕಣ್ಣಿಗೆ ಡ್ರಾಪ್ಸ್ ಹಾಕುವಾಗ, ನಿಮ್ಮಮ್ಮ ಚೆನ್ನಾಗಿದಾರಾ ಅಂತ ಕೇಳಿದ್ರು.”

ಹೊರಗೆ ಎಲ್ಲೋ ಒಂದು ಬಾಗಿಲು ಬಡಿದುಕೊಂಡಿತು. ಮೇಡಂ ಅಳತೆ ತೂಕಗಳ ಪುಸ್ತಕವನ್ನು ಎಳೆದುಕೊಂಡು ನಲವತ್ತೊಂದನೆಯ ಪುಟ ತೆರೆದರು. “ನೀನು ಇದರಿಂದ ಶುರು ಮಾಡಿದೆ,” ಎಂದರು.

ಗುಬ್ಬಿ ಬಾಗಿ ನೋಡಿದಳು. ನೋಡಿ, ಸ್ವಲ್ಪ ಹಿಂದಕ್ಕೆ ಸರಿದಳು.

“ಅದು ನಾನಲ್ಲ. ನೀನು ಪುಸ್ತಕ ತಂದ ದಿನ ಮಧ್ಯಾಹ್ನ ಸುಮ್ನೆ ತಿರುವಿ ಹಾಕ್ತಿದ್ದೆ. ಅದು ಆಗ್ಲೇ ಅಲ್ಲಿತ್ತು. ಪುಸ್ತಕ ಮುಚ್ಚಿಟ್ಟು ಮನೆಗೆ ಹೋದೆ. ಆಮೇಲೆ ಅನ್ನಿಸ್ತು, ಅಣ್ಣ ಶುರು ಮಾಡಿದಾರೆ, ಮುಂದಿಂದು ನಾನು ಬರೀಬೇಕು ಅಂತ.”

“ಸುಳ್ಳು ಹೇಳ್ಬೇಡ.”

“ಇಷ್ಟೆಲ್ಲ ಒಪ್ಕೊಂಡು ಎರಡು ಪದಕ್ಕೆ ಸುಳ್ಳು ಹೇಳ್ಲಾ?”

ಕಾಪಿ ಬರೆದ ಮಕ್ಕಳು ಇಪ್ಪತ್ತಾರು. ಅವರಲ್ಲಿ ಯಾರಾದರೂ ಇಂದು ಆ ಪುಸ್ತಕದ ಅಚ್ಚಿನ ಮನೆಯಲ್ಲೋ, ಸಾಗಿಸುವ ಗಾಡಿಯಲ್ಲೋ ಕೆಲಸಕ್ಕಿರಬಹುದು. ಓದುವ ಚಟಕ್ಕೆ ಒಂದು ಸಾಲು ಗೀಚಿರಬಹುದು. ಹಾಗೆಂದು ಮೇಡಂ ತಮಗೆ ತಾವೇ ಹೇಳಿಕೊಂಡರು. ಅಂಟಿಕೊಂಡಿದ್ದ ಆ ಪುಸ್ತಕದ ಹಾಳೆಗಳನ್ನು ಲೈಬ್ರರಿಯಲ್ಲಿ ಮೊದಲು ತಮ್ಮ ಬೆರಳೇ ಬಿಡಿಸಿದ್ದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಗುಬ್ಬಿಯ ಕೆಲಸ ಖಾಯಂ ಆಗಿ ವರ್ಷ ತುಂಬಿರಲಿಲ್ಲ. ಅವಳ ನಡತೆಗೆ ಪ್ರಮಾಣಪತ್ರ ಕೊಟ್ಟಿದ್ದುದು ಇದೇ ಶಾಲೆ. ಮೇಡಂ ಅವರ ನಿವೃತ್ತಿಗೆ ಒಂದು ವರ್ಷ. ಈ ಮೂರು ಸಂಗತಿಗಳನ್ನೂ ಯಜಮಾನರು ಆ ಸಂಜೆ ಒಂದೊಂದಾಗಿ ಮೇಜಿನ ಮೇಲೆ ಇಟ್ಟರು, ಬೇರೆ ಬೇರೆ ಡಬ್ಬಿಗೆ ಹಾಕುವವರ ಹಾಗೆ.

“ಸತ್ತೋರಿಗೆ ಏನು ಸಿಗುತ್ತೆ ಇದರಿಂದ?” ಎಂದರು.

“ಸತ್ತೋರಿಗಲ್ಲ,” ಎಂದರು ಮೇಡಂ. “ನಾನು ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟಿದೀನಿ. ತಿದ್ದಬೇಕು.”

“ನನ್ನ ಹೆಸರು ಹಾಕು ಅಮ್ಮ,” ಎಂದಳು ಗುಬ್ಬಿ.

“ನಿನ್ನನ್ನ ಕೇಳಿ ಹಾಕ್ಬೇಕಿತ್ತಾ?”

ಅವರು ಬರೆದರು. ಪ್ರಶ್ನೆಪತ್ರಿಕೆಯನ್ನು ನಿಯಮ ಮೀರಿ ಮನೆಗೆ ತಂದದ್ದು ತಾವು. ನಕಲು ಮಾಡಿದ್ದು ತಮ್ಮ ಮಗಳು. ಅಕ್ಷರವನ್ನು ತಪ್ಪಾಗಿ ಗುರುತಿಸಿ ನಿರಪರಾಧಿಯ ಕೆಲಸ ಹೋಗುವಂತೆ ಮಾಡಿದ್ದು ತಾವು. ಮೂರು ಪ್ಯಾರಾ. ವಿಶೇಷಣ ಒಂದೂ ಇರಲಿಲ್ಲ. ಸಹಿ ಹಾಕಿ, ಗುಬ್ಬಿಯಿಂದಲೂ ಹಾಕಿಸಿ, ಶಾಲೆಗೆ ಕೊಡುವ ಮೊದಲು ಐಸ್ ಕಾರ್ಖಾನೆಯ ಹಿಂದಿನ ಓಣಿಗೆ ಒಯ್ದರು.

ಹೊಲಿಗೆಯಾಕೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಪ್ಪು ಕನ್ನಡಕ ಮೇಲೆತ್ತಿ, ನಿಧಾನವಾಗಿ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿಂದ ನೋಡಿದರು. ಈ ಸಲ ಓದುತ್ತಿರಲಿಲ್ಲ.

“ಇದನ್ನ ಬರೆದೋರು ಯಾರು?” ಎಂದರು.

“ನಾನೇ.”

“ಇದು ಅವರ ಅಕ್ಷರ.”

ಮೇಡಂ ಹಾಳೆ ತೆಗೆದುಕೊಂಡು ನೋಡಿದರು. ಸಾಲುಗಳು ಬಲಕ್ಕೆ ಹೋಗುತ್ತ ಜಾರಿದ್ದವು. ಬಾಲಗಳು ಹಿಂದಕ್ಕೆ ತಿರುಗಿದ್ದವು. ಪ್ರತಿ ವಾಕ್ಯದ ಕೊನೆಗೂ ಸಾಸಿವೆಯಷ್ಟು ಸೊನ್ನೆ. ಬರೆಯುವಾಗ ಅವರಿಗೆ ತಿಳಿದಿರಲಿಲ್ಲ. ಬೇಸಿಗೆಯಿಡೀ ತಿದ್ದಿದ ಕೈ, ತನಗೆ ಕಲಿಸಿದ್ದನ್ನು ಕಲಿತಿತ್ತು.

“ಬೇರೆ ಬರೆದು ತರ್ತೀನಿ,” ಎಂದರು.

“ಬೇಡ, ಇದೇ ಇರ್ಲಿ,” ಎಂದರು ಆಕೆ. “ಕಲಿತ್ರೆ ಯಾರಿಗೆ ಬೇಕಾದ್ರೂ ಬರುತ್ತೆ ಅಂತ ಶಾಲೆಯೋರಿಗೂ ಗೊತ್ತಾಗ್ಲಿ. ನಕಲು ಒಂದು ನಂಗೆ ಕೊಡಿ.” ಮೇಡಂ ಚೀಲದಿಂದ ತೆಗೆದುಕೊಟ್ಟ ಜೆರಾಕ್ಸನ್ನು ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು, ಮತ್ತೆ ಚಕ್ರ ತಿರುಗಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ಮೇಡಂ ಕೇಳಲೂ ಇಲ್ಲ.

ಶಾಲೆ ತೆರೆದ ದಿನ ಆ ಪತ್ರವನ್ನು ಶಿಕ್ಷಕರ ಸಭೆಯಲ್ಲಿ ಓದಿದರು. ಪತ್ರದ ಮೇಲೆ ವಿಚಾರಣೆ ನಡೆಯುವುದೆಂದೂ, ಅಲ್ಲಿಯವರೆಗೆ ಮೇಡಂ ಪ್ರಶ್ನೆಪತ್ರಿಕೆ ತಯಾರಿಸುವಂತಿಲ್ಲ, ಉತ್ತರಪತ್ರಿಕೆ ತಿದ್ದುವಂತಿಲ್ಲ, ಪಾಠ ಮಾತ್ರ ಮಾಡಬಹುದೆಂದೂ ಮುಖ್ಯೋಪಾಧ್ಯಾಯರು ಹೇಳಿದರು. ಆಸ್ಪತ್ರೆಗೂ ಒಂದು ಪ್ರತಿ ಹೋಯಿತು. ಗುಬ್ಬಿ ಉತ್ತರಕ್ಕಾಗಿ ಕಾಯುತ್ತಿದ್ದಳು.

ಮೇಡಂ ಬಳಪ ಹಿಡಿದು ಎಂಟನೆಯ ತರಗತಿಗೆ ಹೋದರು. ಎಡಗಡೆಯ ನಾಲ್ಕು ಪುಸ್ತಕಗಳಲ್ಲಿ ಎರಡು ಮಾತ್ರ ಮುಗಿದಿದ್ದವು, ಬಲಗಡೆಯದು ಒಂದೂ ಮುಗಿದಿರಲಿಲ್ಲ. ಹಲಗೆಯ ಮೇಲೆ ಪಾಠದ ಹೆಸರು ಬರೆದು, ಕೆಳಗೆ ಐದು ಸಾಲು ಬರೆದರು. ನೆಟ್ಟಗೆ ಬರೆಯಬೇಕೆಂದು ಮನಸ್ಸು ಗಟ್ಟಿ ಮಾಡಿಯೇ ಬರೆದರು. ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಸಾಲುಗಳು ಇಳಿಜಾರಿನಲ್ಲಿ ನಡೆದಿದ್ದವು.

ಅಳಿಸಲು ಬಟ್ಟೆ ತೆಗೆದುಕೊಂಡು ತಿರುಗಿದಾಗ ತರಗತಿ ನಿಶ್ಶಬ್ದವಾಗಿತ್ತು. ಮೂವತ್ತೆಂಟು ತಲೆಗಳು ಬಾಗಿದ್ದವು. ಮೂವತ್ತೆಂಟು ಎಡಗೈ ಹೆಬ್ಬೆರಳು ಪುಟದ ಮೂಲೆಯನ್ನು ಒತ್ತಿ ಹಿಡಿದಿದ್ದವು. ಮೊದಲ ಸಾಲಿನ ಹುಡುಗಿಯ ಪುಸ್ತಕದಲ್ಲಿ ಇಣುಕಿ ನೋಡಿದರು. ಅವಳು ವಾಕ್ಯ ಮುಗಿಸಿ, ಚುಕ್ಕಿಯಿಡುವ ಕಡೆ, ಹಲಗೆಯನ್ನೊಮ್ಮೆ ನೋಡಿ ಖಚಿತಪಡಿಸಿಕೊಂಡು, ಬಹಳ ಜೋಪಾನವಾಗಿ ಒಂದು ಚಿಕ್ಕ ಸೊನ್ನೆ ಸುತ್ತಿದಳು.